ಕಷ್ಟಕ್ಕೆ ಒಂಟಿ ಹೆಗಲು ಸಾಲದು



ಬೆಳೆ ಕೈಕೊಟ್ಟಾಗ, ಸಾಲ ಏರಿದಾಗ ಎದೆಗುಂದುವುದು ಸಹಜ. ಆಗ ಗೋವಾದ ಕುಂಕಳ್ಳಿಯನ್ನು ನೆನೆಯೋಣ.

1583ರ ಜುಲೈನಲ್ಲಿ, ದೇಗುಲಗಳ ನಾಶದಿಂದ ಕೆರಳಿದ್ದ ಅಲ್ಲಿಯವರು ರುಡಾಲ್ಫ್ ಅಕ್ವಾವಿವಾ ಸೇರಿದಂತೆ ಯೇಸುಸಭೆಯ ಐವರನ್ನು ಕೊಂದರು. ಪ್ರತಿಯಾಗಿ ಪೋರ್ಚುಗೀಸರು ಊರಿನ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣಾ ಕೋಟೆಗೆ ಕರೆಸಿ ಕೊಂದರು. ಎರಡೂ ಕಡೆಯ ಸಾವು ನಮಗೆ ನೋವಿನದೇ. ತೋಟಗಳು ಹಾಳಾದವು, ಭೂಮಿ ಪೋರ್ಚುಗೀಸ್ ಶ್ರೀಮಂತನ ಪಾಲಾಯಿತು. ಆದರೂ ಜನ ಚದುರಲಿಲ್ಲ. ಕಂದಾಯ ಕೊಡೆವೆಂದು ಒಟ್ಟಾಗಿ ನಿಂತರು. ತಲೆಮಾರುಗಳು ಕಳೆದವು. 1961ರಲ್ಲಿ ಗೋವಾ ವಿಮೋಚನೆಗೊಂಡಿತು, 1964ರಲ್ಲಿ ಗೇಣಿದಾರರ ರಕ್ಷಣೆಗೆ ಕಾಯ್ದೆ ಬಂತು. ಇಂದು ಅದೇ ಊರಿನ ಇಗರ್ಜಿ ಆರೋಗ್ಯ ಮಾತೆಯದು. ಮಡಿದ ಮುಖಂಡರಿಗೂ ಅಲ್ಲಿ ಸ್ಮಾರಕವಿದೆ.

ತಾಳ್ಮೆಯೆಂದರೆ ಬಾಯಿ ಮುಚ್ಚಿ ನರಳುವುದಲ್ಲ, ಕೂಡಿ ಹೊರುವುದು. ಆದ್ದರಿಂದ:

1. ಸಾಲದ ಲೆಕ್ಕವನ್ನು ಮನೆಯವರಿಂದ ಮುಚ್ಚಿಡಬೇಡಿ.

2. ಗಡುವಿಗೆ ಮೊದಲೇ ಸಹಕಾರಿ ಸಂಘಕ್ಕೆ ಹೋಗಿ ಅವಧಿ ವಿಸ್ತರಣೆ ಕೇಳಿ.

3. ಎರಡು ವಾರ ನಿದ್ದೆ, ಊಟ ಸೇರದಿದ್ದರೆ ಅದು ಕಾಯಿಲೆಯೂ ಇರಬಹುದು; ವೈದ್ಯರನ್ನು ಕಾಣಿ. ಸಾರಾಯಿ ಮದ್ದಲ್ಲ.

4. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ; ಕೀಟನಾಶಕಕ್ಕೆ ಬೀಗ ಹಾಕಿ.

ನೆರೆಮನೆಯ ಗದ್ದೆ ಬೀಳು ಬಿದ್ದಿದ್ದರೆ ಒಮ್ಮೆ ಹೋಗಿ ವಿಚಾರಿಸೋಣ. ನಮ್ಮ ಪ್ರಾರ್ಥನೆಗೆ ಕೈಕಾಲು ಬರುವುದು ಹಾಗೆಯೇ.