ದಾಳದಿಂದ ಹುಟ್ಟಿದ ಕಥೆಯು ತೆರೆಗೆ ಬಂದಾಗ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬನು ಸೂತ್ರಧಾರನಾಗಿ ಕಥೆಯನ್ನು ಹೇಳುತ್ತ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಆಡುವ ಆಟವೊಂದುಂಟು. ಅದರ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು ಅಮೆರಿಕ ದೇಶದಲ್ಲಿ ಪ್ರಕಟವಾಯಿತು. ವೇಷವಿಲ್ಲ, ರಂಗವಿಲ್ಲ. ಬಾಗಿಲಿನ ಹಿಂದೆ ಏನಿರುವುದೆಂದು ಸೂತ್ರಧಾರನೊಬ್ಬನೇ ಬಲ್ಲನು. ಎತ್ತಿದ ಖಡ್ಗವು ತಗುಲಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುವುದು. ತಾಳಮದ್ದಳೆಯನ್ನು ಕೇಳಿ ಬಲ್ಲವರಿಗೆ ಕುಳಿತಲ್ಲಿಯೇ ಯುದ್ಧ ಮಾಡುವ ಈ ಕ್ರಮವು ವಿಚಿತ್ರವೆನಿಸಲಾರದು. ಆದರೆ ಅಲ್ಲಿ ಕರ್ಣನು ಬೀಳುವುದು ಮೊದಲೇ ನಿಶ್ಚಿತ. ಇಲ್ಲಿ ಯಾರು ಬೀಳುವರೆಂಬುದು ಯಾರಿಗೂ ತಿಳಿಯದು.

ಈ ಆಟದ ಬಳಗದಿಂದಲೇ ಹುಟ್ಟಿದ ಒಂದು ಕಾದಂಬರಿ ‘ಡ್ರಾಗನ್ಸ್ ಆಫ್ ಆಟಮ್ ಟ್ವೈಲೈಟ್’. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಅವರು ಬರೆದ ಇದು 1984ರಲ್ಲಿ ಹೊರಬಂದಿತು. 2008ರಲ್ಲಿ ಇದನ್ನು ಅನಿಮೇಷನ್ ಚಿತ್ರವನ್ನಾಗಿ ಮಾಡಿ, ಚಿತ್ರಮಂದಿರಗಳಿಗೆ ಕಳುಹಿಸದೆ ನೇರವಾಗಿ ಮನೆಯಲ್ಲಿ ನೋಡುವ ಡಿವಿಡಿಯಾಗಿ ಹೊರತಂದರು. ನಿರ್ದೇಶಕರು ವಿಲ್ ಮ್ಯೂನಿಯೋ. ನಿರ್ಮಾಣದಲ್ಲಿ ತಿರುವನಂತಪುರದ ಟೂನ್ಜ್ ಸಂಸ್ಥೆಯ ಪಾಲೂ ಇತ್ತೆಂಬುದು ನಮಗೆ ಸಂತೋಷವನ್ನುಂಟುಮಾಡಿದ ಸಂಗತಿ. ಈ ಆಟವನ್ನು ಕೆಲವು ವರ್ಷಗಳಿಂದ ಆಡುತ್ತ ಬಂದವರಾದ್ದರಿಂದ ನಾವು ಚಿತ್ರವನ್ನು ಆಟಗಾರರ ಕಣ್ಣಿನಿಂದಲೇ ನೋಡಿದೆವು.

ಮರಗಳ ಮೇಲೆ ಕಟ್ಟಿದ ಊರಿನ ಒಂದು ಛತ್ರದಲ್ಲಿ, ಐದು ವರ್ಷಗಳ ಹಿಂದೆ ಅಗಲಿದ ಮಿತ್ರರು ಮತ್ತೆ ಕೂಡುವರು. ಅವರಲ್ಲಿ ಕ್ಯಾರಮನ್, ರೈಸ್ಟ್ಲಿನ್ ಎಂಬ ಅವಳಿ ಸೋದರರಿದ್ದಾರೆ. ಒಬ್ಬನು ಮಲ್ಲನಂಥ ಯೋಧ. ಇನ್ನೊಬ್ಬನು ಸದಾ ಕೆಮ್ಮುವ, ಚಿನ್ನದ ಬಣ್ಣದ ಚರ್ಮವುಳ್ಳ ಮಾಂತ್ರಿಕ. ಇವನ ಕಣ್ಣುಪಾಪೆಗಳು ಮರಳುಗಡಿಯಾರದ ಆಕಾರದವು. ಯಾವುದನ್ನು ನೋಡಿದರೂ ಅದು ಜೀರ್ಣವಾಗುತ್ತಿರುವುದೇ ಅವನಿಗೆ ಕಾಣುವುದು. ಆಟಗಾರನಿಗೆ ಈ ಸೋದರರ ಕಥೆಯು ಲೆಕ್ಕದಲ್ಲಿಯೇ ತಿಳಿಯುತ್ತದೆ. ಆ ಕಾಲದ ನಿಯಮದಂತೆ ಯೋಧನ ಪ್ರಾಣಬಲವನ್ನು ಹತ್ತು ಮುಖಗಳ ದಾಳದಿಂದಲೂ ಮಾಂತ್ರಿಕನದನ್ನು ನಾಲ್ಕು ಮುಖಗಳ ದಾಳದಿಂದಲೂ ಅಳೆಯಬೇಕು. ಮಾಂತ್ರಿಕನು ಕಂಠಪಾಠ ಮಾಡಿದ ಮಂತ್ರವಾದರೋ ಒಮ್ಮೆ ಉಚ್ಚರಿಸಿದೊಡನೆ ಮರೆತುಹೋಗುವುದು. ಮತ್ತೆ ಪುಸ್ತಕವನ್ನು ತೆರೆದು ಓದಬೇಕು. (ಇಂಥ ಶಿಷ್ಯರನ್ನು ನಾವು ಪಾಠಶಾಲೆಯಲ್ಲಿ ಬಹಳವಾಗಿ ಕಂಡಿದ್ದೇವೆ.) ಉಳಿದಿರುವುದು ಒಂದೇ ಮಂತ್ರ, ಎದುರಿಗೆ ಶತ್ರುಗಳು ಮೂವರು ಎಂಬ ಸಂಕಟವು ಮೇಜಿನ ಬಳಿ ಕುಳಿತವನ ಗಂಟಲನ್ನು ಒಣಗಿಸುವುದು. ಚಿತ್ರವನ್ನು ಮಾತ್ರ ನೋಡಿದವರಿಗೆ ಈ ಲೆಕ್ಕವು ತಿಳಿಯುವುದು ಕಷ್ಟ. ಆದರೂ ರೈಸ್ಟ್ಲಿನ್ ಪಾತ್ರಕ್ಕೆ ಕೀಫರ್ ಸದರ್‌ಲ್ಯಾಂಡ್ ಅವರು ಕೊಟ್ಟ ಕಂಠವು ಇಡೀ ಚಿತ್ರದಲ್ಲಿ ನಮಗೆ ಮೆಚ್ಚಿಗೆಯಾದ ಭಾಗ.

ಮನುಷ್ಯರನ್ನು ಚಪ್ಪಟೆಯಾದ ರೇಖೆಗಳಲ್ಲಿಯೂ ಡ್ರಾಗನ್ನುಗಳನ್ನೂ ಅವುಗಳ ಸೈನಿಕರನ್ನೂ ಗಣಕಯಂತ್ರದ ಘನಾಕೃತಿಗಳಲ್ಲಿಯೂ ರಚಿಸಿರುವುದು ಚಿತ್ರದ ದೊಡ್ಡ ದೋಷ. ಎರಡು ಬೇರೆ ಲೋಕಗಳ ಜೀವಿಗಳು ಒಂದೇ ತೆರೆಯಲ್ಲಿ ಸಿಕ್ಕಿಬಿದ್ದಂತೆ ತೋರುವುದು. ನಾನೂರು ಪುಟಗಳಿಗೂ ಮಿಕ್ಕಿದ ಗ್ರಂಥವನ್ನು ಒಂದೂವರೆ ಗಂಟೆಗೆ ಇಳಿಸಿರುವುದರಿಂದ ಓಟವೂ ಅತಿಯಾಯಿತು. ಈ ಕಥೆಯ ಡ್ರಾಕೋನಿಯನ್ ಎಂಬ ಸೈನಿಕರಲ್ಲಿ ಒಂದು ಜಾತಿಯು ಸಾಯುತ್ತಲೇ ಕಲ್ಲಾಗುವುದು. ಇರಿದ ಕತ್ತಿಯು ಅದರಲ್ಲಿಯೇ ಸಿಕ್ಕಿಕೊಳ್ಳುವುದು. ಆಟದಲ್ಲಿ ಇದು ಮೊದಲ ಸಲ ಸಂಭವಿಸಿದಾಗ, ಗೆದ್ದೆನೆಂದು ಹಿಗ್ಗಿದವನು ಬರಿಗೈಯಲ್ಲಿ ನಿಂತು ಬೆವರುವನು. ತೆರೆಯ ಮೇಲೆ ಬೇರೊಬ್ಬನ ಕತ್ತಿ ಸಿಕ್ಕಿಕೊಂಡರೆ ನಮಗೇನು ನಷ್ಟ?

ಯುದ್ಧವೂ ಊರು ಸುಡುವ ದೃಶ್ಯವೂ ಇರುವುದರಿಂದ ಎಳೆಯ ಮಕ್ಕಳಿಗೆ ಈ ಚಿತ್ರವು ತಕ್ಕದ್ದಲ್ಲ. ದೊಡ್ಡ ಹುಡುಗರು ನೋಡಬಹುದು; ಮೊದಲು ಗ್ರಂಥವನ್ನು ಓದಿದ್ದರೆ ಮೇಲು. ಮುಂದಿನ ಎರಡು ಸಂಪುಟಗಳು ಚಿತ್ರವಾಗಿ ಬರಲಿಲ್ಲ.

ಗ್ರಂಥದಲ್ಲಿ ಮುದಿಯಾದ ಹೆಣ್ಣು ಡ್ರಾಗನ್ನೊಂದು ಬರುವುದು. ಬುದ್ಧಿ ಕದಡಿದ ಅದು ಸೆರೆಯಲ್ಲಿರುವ ಮನುಷ್ಯರ ಮಕ್ಕಳನ್ನು, ಹಿಂದೆ ಯುದ್ಧದಲ್ಲಿ ಸತ್ತ ತನ್ನ ಮಕ್ಕಳೆಂದೇ ಭ್ರಮಿಸಿ ಕಾಯುತ್ತಿರುವುದು; ಅವರಿಗೆ ಅಪಾಯವೊದಗಿದಾಗ ತನ್ನ ಪಕ್ಷದವನ ಮೇಲೆಯೇ ಎರಗಿ ಪ್ರಾಣ ಬಿಡುವುದು. ಗಣಕಯಂತ್ರವು ರಚಿಸಿದ ಮುಖದಲ್ಲಿ ಈ ವಾತ್ಸಲ್ಯವನ್ನು ನಾವು ಎಷ್ಟು ಹುಡುಕಿದರೂ ಕಾಣಲಿಲ್ಲ. ನಮ್ಮ ಮೇಜಿನಲ್ಲಿ ಈ ಘಟ್ಟವು ಬಂದಾಗ ಸೂತ್ರಧಾರನಾಗಿದ್ದ ಹುಡುಗನು ಸ್ವರವನ್ನು ತಗ್ಗಿಸಿ ಆ ಮುದುಕಿಯಂತೆ ಮಕ್ಕಳನ್ನು ಕರೆದನು. ಯಾರೂ ದಾಳವನ್ನು ಎತ್ತಿಕೊಳ್ಳಲಿಲ್ಲ.