ಪ್ರೀತಿ ಮೊದಲೋ, ಲಗ್ನ ಮೊದಲೋ?

ಚಿತ್ರರಸಿಕ ಗೆಳೆಯರೇ, ಈ ವಾರ ತಾರೆಯರ ಸುದ್ದಿ ಇಲ್ಲ. ನನ್ನದೇ ಜೀವನದ ಒಂದು ರೀಲು ಬಿಚ್ಚಿಡುತ್ತೇನೆ. ಓದಿ, ಬೈಯಬೇಕೆನಿಸಿದರೆ ಬೈಯಿರಿ!

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಕಾರಣ ಒಬ್ಬ ಹುಡುಗಿ. ಅವಳು 'ಒಲ್ಲೆ' ಅಂದಳು, ನಾನು ಕಾಲೇಜನ್ನೇ ಒಲ್ಲೆ ಅಂದೆ. ಗಡ್ಡ ಬಿಟ್ಟೆ, ಊಟ ಬಿಟ್ಟೆ, 'ಮಾನಸ ಸರೋವರ'ದ ಕೊನೆಯ ರೀಲಿನ ಶ್ರೀನಾಥನೇ ನಾನು ಅಂದುಕೊಂಡು ವಿಜಯಪುರದ ಬೀದಿ ಬೀದಿ ಅಲೆದೆ. ಕಡೆಗೆ ಒಬ್ಬ ಗೆಳೆಯ ಕೈಹಿಡಿದು ಮನೋವೈದ್ಯೆಯೊಬ್ಬರ ಬಳಿಗೆ ಕರೆದೊಯ್ದ. ನನ್ನನ್ನು ಮನುಷ್ಯನನ್ನಾಗಿ ಮಾಡಿದವರು ಅವರು. ಹೆಸರು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ.

ಈಗ ನನಗೆ ಇಪ್ಪತ್ತೆಂಟು. ಮನೆಯಲ್ಲಿ ಲಗ್ನದ ಗದ್ದಲ. ಇಟ್ಟಂಗಿಹಾಳದ ಹಿರಿಯರೊಬ್ಬರು ನಮ್ಮ ಮಾವನ ದೋಸ್ತ. ನಲವತ್ತು ವರ್ಷದಿಂದ ಕನ್ಯಾ-ವರ ಕೂಡಿಸುವುದೇ ಅವರ ಕೆಲಸ. ಟಿಕೋಟಾ, ಬಬಲೇಶ್ವರ ಕಡೆ ಯಾವ ಮನೆಯ ದ್ರಾಕ್ಷಿ ತೋಟಕ್ಕೆ ಎಷ್ಟು ಸಾಲ, ಯಾರ ಬಾವಿಗೆ ಎಷ್ಟು ನೀರು, ಎಲ್ಲಾ ಬಾಯಿಪಾಠ. ತಮ್ಮ ಊರಲ್ಲೇ ನನಗೊಂದು ಕನ್ಯಾ ಗೊತ್ತುಮಾಡಿದರು. "ಡಾಕ್ಟರಮ್ಮನ್ನ ಒಂದು ಮಾತು ಕೇಳ್ತೀನ್ರೀ" ಅಂದೆ. ಹಿರಿಯರ ಹುಬ್ಬು ಮೇಲೇರಿತು. "ನಮ್ಮ ಹುಡುಗಗ ಬುದ್ಧಿ ಹೇಳೂ ಆ ಡಾಕ್ಟರ್ ಯಾರು ನೋಡೇ ಬಿಡೂಣು ನಡಿ!" ಅಂತ ನನ್ನ ಜೊತೆಗೇ ಬಸ್ಸು ಹತ್ತಿದರು.

ಚಹಾ ತಣ್ಣಗಾಯಿತು, ಮಾತು ಬಿಸಿಯಾಯಿತು

ಕುರ್ಚಿಯಲ್ಲಿ ಕೂತವರೇ ಹಿರಿಯರು ಶುರು ಮಾಡಿದರು.

"ಲಗ್ನ ಅಂದ್ರ ರೊಟ್ಟಿ ಇದ್ದಂಗ್ರಿ. ಪ್ರೀತಿ ಅಂದ್ರ ಶೇಂಗಾ ಹಿಂಡಿ. ರೊಟ್ಟಿ ಇದ್ರ ಹಿಂಡಿ ಯಾವಾಗರ ಹಚ್ಕೋಬಹುದು. ಬರೇ ಹಿಂಡಿ ತಿಂದು ಹೊಟ್ಟಿ ತುಂಬತೈತೇನ್ರಿ? 'ಎರಡು ಕನಸು' ಟೂರಿಂಗ್ ಟಾಕೀಸಿನ್ಯಾಗ ಮೂರು ಸಲ ನೋಡೀನಿ ನಾ!"

1974ರ ಆ ಚಿತ್ರ ನಿಮಗೆ ಗೊತ್ತೇ ಇದೆ. ವಾಣಿಯವರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ. ಮಂಜುಳಾಳನ್ನು ಪ್ರೀತಿಸಿದ ರಾಜ್‌ಕುಮಾರ್ ಮನೆಯವರ ಮಾತಿಗೆ ಕಲ್ಪನಾಳನ್ನು ಮದುವೆಯಾಗುತ್ತಾರೆ. ಹಳೆಯ ಕನಸಿನಲ್ಲೇ ಇದ್ದುಬಿಡುತ್ತಾರೆ. ಆ ಮಂಜುಳಾ ತನ್ನ ಗಂಡನ ಜೊತೆ ಸುಖವಾಗಿರುವುದನ್ನು ಕಂಡ ಮೇಲೇ ಅವರ ಕಣ್ಣು ತೆರೆಯುವುದು. "ಕಟ್ಟಿಕೊಂಡ ಹೆಂಡ್ತಿ ಮ್ಯಾಲ ಪ್ರೀತಿ ಬಂತೋ ಇಲ್ಲೋ?" ಎಂದು ಹಿರಿಯರು ಮೇಜು ಕುಟ್ಟಿದರು.

ಡಾಕ್ಟರಮ್ಮ ನಕ್ಕರು. "ಬಂತು ನಿಜ. ಬರೋವರೆಗೆ ಕಲ್ಪನಾ ಎಷ್ಟು ಅತ್ತಳು? ಆ ಲೆಕ್ಕ ನಿಮ್ಮ ವಹಿಯಲ್ಲಿ ಇದೆಯಾ? ಅಪ್ಪಾ, ನೀವು ಅಕ್ಷತೆ ಬೀಳೋವರೆಗೆ ನೋಡ್ತೀರಿ. ಬಿದ್ದ ಮೇಲೆ ನಿದ್ದೆ ಇಲ್ಲದೆ, ಮಾತಿಲ್ಲದೆ ನನ್ನ ಹತ್ತಿರ ಬಂದು ಕೂಡುವವರನ್ನ ನಾನು ನೋಡ್ತೀನಿ. ಇಬ್ಬರ ಮನಸ್ಸು ಒಪ್ಪದೆ ಕಟ್ಟಿದ ಮನೆ ಅದು."

"ಪ್ರೀತಿ ಮಾಡಿ ಓಡಿ ಹೋದವರೂ ನಿಮ್ಮಲ್ಲೇ ಬರ್ತಾರಲ್ರೀ?"

"ಬರ್ತಾರೆ. ಸುಳ್ಳು ಹೇಳೋದಿಲ್ಲ."

ಹಿರಿಯರಿಗೆ ಹುರುಪು ಬಂತು. "'ಮಾನಸ ಸರೋವರ'ದಾಗ ಡಾಕ್ಟರಗೇ ಹುಚ್ಚು ಹಿಡೀತಲ್ರೀ! ಇನ್ನ ನೀವೇನು ಮಂದಿಗೆ ಔಷಧ ಕೊಡ್ತೀರಿ?"

ಪುಟ್ಟಣ್ಣ ಕಣಗಾಲರ ಆ ಚಿತ್ರ 1982ರದು. ಶ್ರೀನಾಥ್ ಮನೋವೈದ್ಯ, ಪದ್ಮಾ ವಾಸಂತಿ ರೋಗಿ. ಗುಣಪಡಿಸುತ್ತಾ ಡಾಕ್ಟರು ಮನಸ್ಸು ಕೊಟ್ಟುಬಿಡುತ್ತಾರೆ. ಗುಣವಾದವಳ ಮನಸ್ಸು ರಾಮಕೃಷ್ಣನ ಕಡೆ ಹೋಗುತ್ತದೆ. ನಾವೆಲ್ಲಾ ಅತ್ತದ್ದು ಡಾಕ್ಟರಿಗಾಗಿ.

ಡಾಕ್ಟರಮ್ಮ ಮಾತ್ರ ಅಳಲಿಲ್ಲ. "ಅದು ನಮ್ಮ ವೃತ್ತಿಯ ಮೊದಲ ನಿಯಮವನ್ನೇ ಮುರಿದ ಕಥೆ. ಗುಣವಾಗುವ ರೋಗಿ ವೈದ್ಯರನ್ನ ನಂಬ್ತಾಳೆ, ಆತುಕೊಳ್ತಾಳೆ. ಅದನ್ನ ಪ್ರೀತಿ ಅಂತ ತಿಳಿಯಬಾರದು, ಅಂಥ ಸಂಬಂಧ ಬೆಳೆಸಲೇಬಾರದು. 'ನಾನು ಇಷ್ಟು ಮಾಡಿದೆ, ಆದ್ದರಿಂದ ಅವಳು ನನ್ನವಳು' ಅಂದುಕೊಂಡ, ಅಲ್ಲೇ ಬಿದ್ದ." ನನ್ನ ಕಡೆ ತಿರುಗಿದರು. "ನೀನೂ ಹಾಗೇ ಅಂದುಕೊಂಡಿದ್ದೆ, ನೆನಪಿದೆಯಾ?"

ನನಗೆ ಮಾತು ಹೊರಡಲಿಲ್ಲ. ಏಳುವಾಗ ಅವರು ಹೇಳಿದ್ದು ಒಂದೇ: "ಕನ್ಯಾ ನೋಡಲಿಕ್ಕೆ ಹೋಗು. ಆದರೆ ಹುಡುಗೀನ ಕೇಳು."

ಬೇವಿನ ಗಿಡದ ಕೆಳಗೆ

ಇಟ್ಟಂಗಿಹಾಳ. ಪಡಸಾಲೆಯಲ್ಲಿ ಜಮಖಾನ, ಅವಲಕ್ಕಿ, ಚಹಾ. ಹುಡುಗಿ ಬಂದಳು. ಗೆಳೆಯರೇ, ಸುಳ್ಳೇಕೆ ಹೇಳಲಿ, ನೋಡಿದ ಕೂಡಲೇ ನನ್ನೊಳಗೆ ವಾದ್ಯಗೋಷ್ಠಿ ಶುರುವಾಯಿತು! "ಹತ್ತು ನಿಮಿಷ ಮಾತಾಡ್ಲಾ?" ಅಂದೆ. ಹಿರಿಯರು ಕೆಮ್ಮಿದರು, ಹುಡುಗಿಯ ಅಪ್ಪ ಒಪ್ಪಿದರು.

ಹಿತ್ತಲ ಬೇವಿನ ಗಿಡದ ಕೆಳಗೆ ಅವಳು ಮುಖವೆತ್ತಿ ನೇರ ಹೇಳಿದಳು: "ನನಗ ಈಗ ಲಗ್ನ ಬ್ಯಾಡ್ರಿ. ತೊರವಿ ಮಹಿಳಾ ವಿಶ್ವವಿದ್ಯಾಲಯದಾಗ ಎಂ.ಎ. ಮಾಡ್ಬೇಕು. ಮನ್ಯಾಗ ಯಾರೂ ಕೇಳವಲ್ರು. ನೀವರ ಒಲ್ಲೆ ಅನ್ರಿ."

ಎರಡನೆಯ 'ಒಲ್ಲೆ'! ನಮ್ಮ ಸಿನಿಮಾದಲ್ಲಾದರೆ ಹೀರೋ ಇಲ್ಲಿಂದ ಬೆನ್ನು ಹತ್ತುತ್ತಾನೆ, ಹಾಡುತ್ತಾನೆ, ಕ್ಲೈಮಾಕ್ಸಿನಲ್ಲಿ ಅವಳು 'ಹೂಂ' ಅನ್ನುತ್ತಾಳೆ. ನನಗೆ ನೆನಪಾದದ್ದು ಬೇರೆ ಚಿತ್ರ, 1967ರ 'ಬೆಳ್ಳಿಮೋಡ'. ತ್ರಿವೇಣಿಯವರ ಕಥೆ, ಪುಟ್ಟಣ್ಣನವರ ಮೊದಲ ಕನ್ನಡ ಚಿತ್ರ. ಇಂದಿರೆಗೆ ತಮ್ಮ ಹುಟ್ಟಿದ, ಆಸ್ತಿ ಕೈತಪ್ಪಿತು ಅಂತ ಕಲ್ಯಾಣ್ ಕುಮಾರ್ ಮದುವೆ ಮುರಿಯುತ್ತಾನೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಈಗ ಅವನಿಗೆ ಪ್ರೀತಿ ಉಕ್ಕುತ್ತದೆ. ಆದರೆ ಕಲ್ಪನಾ ಒಲ್ಲೆ ಅನ್ನುತ್ತಾಳೆ. ಚಿತ್ರ ಮುಗಿದರೂ ಆ ಮಾತು ಬದಲಾಗುವುದಿಲ್ಲ.

ವರ ಒಲ್ಲೆ ಅಂದರೆ ಊರಲ್ಲಿ ಕೆಟ್ಟ ಹೆಸರು ಬರುವುದು ಕನ್ಯೆಗೆ. ಅದಕ್ಕೇ ಒಳಗೆ ಬಂದು ಹೀಗೆ ಹೇಳಿದೆ: "ಕನ್ಯಾದಾಗ ಕೊರತಿ ಇಲ್ರೀ. ಬರಹ ನಂಬಿ ಬದುಕೋನು ನಾ, ತಿಂಗಳ ಪಗಾರ ಇಲ್ಲ. ನನಗಽ ಇನ್ನೂ ಎರಡು ವರ್ಷ ಬೇಕು. ಅಕಿ ಓದಲಿ." ಒಂದಕ್ಷರವೂ ಸುಳ್ಳಲ್ಲ.

ಹಿರಿಯರು ಬಸ್ ಸ್ಟಾಪಿನವರೆಗೆ ಉರಿದರು. "ಮರ್ಯಾದಿ ತಗದಿ!" ಕಡೆಗೆ ನಿಜ ಹೇಳಿಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದರು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಅಂದರು: "ನಲವತ್ತು ವರ್ಷ ಆತೋ ತಮ್ಮಾ. ಹೊಲ ಕೇಳೀನಿ, ಬಾವಿ ಕೇಳೀನಿ, ಸಾಲ ಕೇಳೀನಿ. ಹುಡುಗೀನ್ನ ಒಮ್ಮೀನೂ ಕೇಳಿಲ್ಲ ನೋಡು."

ಅವರೇನೂ ಬದಲಾಗಿಲ್ಲ. ಇಂದಿಗೂ ಅವರಿಗೆ ರೊಟ್ಟಿ ಮೊದಲು, ಹಿಂಡಿ ಆಮೇಲೆ. ಡಾಕ್ಟರಮ್ಮನದು ಅದಕ್ಕೆ ತದ್ವಿರುದ್ಧ. ಆದರೆ ಈಗ ಕನ್ಯಾ ತೋರಿಸಲು ಹೋದಲ್ಲೆಲ್ಲ "ಹುಡುಗ-ಹುಡುಗಿ ಹತ್ತು ನಿಮಿಷ ಮಾತಾಡ್ಲಿ" ಅನ್ನುತ್ತಾರಂತೆ.

ಗೆಳೆಯರೇ, 'ಒಲ್ಲೆ' ಕೇಳಿ ಎದೆ ಒಡೆದಿದ್ದರೆ ನನ್ನ ಹಾಗೆ ವರ್ಷಗಟ್ಟಲೆ ಗಡ್ಡ ಬಿಡಬೇಡಿ. 2022ರಲ್ಲಿ ಸರಕಾರ ಶುರುಮಾಡಿದ 'ಟೆಲಿ ಮಾನಸ್' ಇದೆ. 14416 ಒತ್ತಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಹುಡುಗಿ ಎಂ.ಎ. ಸೇರಿದಳಂತೆ. ನನ್ನ ಲಗ್ನ? ಇನ್ನೂ ಆಗಿಲ್ಲ. ಹಿರಿಯರು ಹುಡುಕುತ್ತಿದ್ದಾರೆ, ನಾನೂ ಹುಡುಕುತ್ತಿದ್ದೇನೆ. ಯಾರು ಮೊದಲು ಗೆಲ್ಲುತ್ತಾರೋ ನೋಡೋಣ!