'ಇಂಪ್ರೂವ್': ಒಂದು ಪದದ ಹುಟ್ಟು ಮತ್ತು ಬೀಳುನೆಲದ ಪ್ರಶ್ನೆ

ಇಂಗ್ಲಿಷಿನ 'ಇಂಪ್ರೂವ್' ಎಂಬ ಕ್ರಿಯಾಪದ ಕನ್ನಡದ ಆಡುಮಾತಿನಲ್ಲಿ ಅನ್ಯವೆನಿಸದಷ್ಟು ಬೆರೆತುಹೋಗಿದೆ. ಮಗುವಿನ ಓದು 'ಇಂಪ್ರೂವ್' ಆಗುತ್ತದೆ. ರೋಗಿಯ ಸ್ಥಿತಿಯಲ್ಲಿ 'ಇಂಪ್ರೂವ್‌ಮೆಂಟ್' ಕಾಣುತ್ತದೆ. ಇದ್ದುದಕ್ಕಿಂತ ಮೇಲಾಗುವುದೇ ಇಲ್ಲೆಲ್ಲ ಅದರ ಅರ್ಥ. ಆದರೆ ಹುಟ್ಟಿದ ಕಾಲದಲ್ಲಿ ಈ ಪದಕ್ಕೆ ಗುಣದೊಡನೆ ಸಂಬಂಧವಿರಲಿಲ್ಲ. ಅದರ ಸಂಬಂಧವಿದ್ದುದು ಲಾಭದೊಡನೆ, ಅದರಲ್ಲಿಯೂ ಭೂಮಿಯಿಂದ ಬರುವ ಲಾಭದೊಡನೆ. ಈ ಮೂಲಾರ್ಥವನ್ನು ಮರೆತರೆ 'ಅಭಿವೃದ್ಧಿ'ಯ ಹೆಸರಿನಲ್ಲಿ ನಡೆದ ಹಲವು ಭೂವಿವಾದಗಳ ಒಳತಿರುಳು ತಿಳಿಯುವುದಿಲ್ಲ.

'ಪ್ರೂವ್' ಎಂಬ ಭಾಗವನ್ನು ಕಂಡು ಇದನ್ನು ಸಾಬೀತುಪಡಿಸುವ ಅರ್ಥದ ಧಾತುವಿಗೆ ಹೊಂದಿಸುವುದು ಸಹಜವಾದ ತಪ್ಪು. ನಾರ್ಮನ್ನರ ಆಳ್ವಿಕೆಯೊಡನೆ ಇಂಗ್ಲೆಂಡಿಗೆ ಬಂದ ಫ್ರೆಂಚ್ ಪ್ರಭೇದದಲ್ಲಿ 'ಪ್ರೂ' ಎಂದರೆ ಲಾಭ. 'ಅನ್' ಎಂಬ ಪೂರ್ವಪ್ರತ್ಯಯ ಸೇರಿ 'ಲಾಭಕ್ಕೆ ತಿರುಗಿಸು' ಎಂಬ ಕ್ರಿಯಾಪದವಾಯಿತು. ಈ 'ಪ್ರೂ' ಉತ್ತರಕಾಲೀನ ಲ್ಯಾಟಿನ್ನಿನ 'ಪ್ರೋದೆ'ಯಿಂದ, ಅದು ಉಪಯುಕ್ತವಾಗಿರು ಎಂಬ ಅರ್ಥದ 'ಪ್ರೋದೆಸ್ಸೆ'ಯಿಂದ ಬಂದುದು. ಹೆಮ್ಮೆಯನ್ನು ಸೂಚಿಸುವ 'ಪ್ರೌಡ್', ಪರಾಕ್ರಮವನ್ನು ಸೂಚಿಸುವ 'ಪ್ರೊವೆಸ್' ಇದೇ ಬಳ್ಳಿಯ ಕಾಯಿಗಳು. ಮೊದಲು 'ಎಂಪ್ರೋ', 'ಇಂಪ್ರೋ' ಎಂಬಂತಹ ರೂಪಗಳಿದ್ದು, ಮುಂದೆ 'ಪ್ರೂವ್' ಪದದ ಪ್ರಭಾವದಿಂದ ಈಗಿನ ರೂಪ ನೆಲೆಗೊಂಡಿತು. ಹದಿನಾರನೆಯ ಶತಮಾನದಲ್ಲಿ ಇದೇ ಕಾಗುಣಿತದ ಬೇರೊಂದು 'ಇಂಪ್ರೂವ್' ಕೂಡ ಬಳಕೆಯಲ್ಲಿದ್ದಿತು. ಲ್ಯಾಟಿನ್ನಿನ 'ಇಂಪ್ರೋಬಾರೆ'ಯಿಂದ ಬಂದ ಅದರ ಅರ್ಥ ಖಂಡಿಸು, ಗದರಿಸು. ಟಿಂಡೇಲನ ಬೈಬಲ್ ಅನುವಾದದಲ್ಲಿ ಅದು ದೊರೆಯುತ್ತದೆ. ಆ ಪದ ಬಳಕೆ ತಪ್ಪಿತು. ಲಾಭದ ಪದ ಉಳಿಯಿತು.

ಇದರ ಒಡಹುಟ್ಟಾದ 'ಅಪ್ರೂವ್' ಇಂಗ್ಲೆಂಡಿನ ಭೂಕಾನೂನಿನಲ್ಲಿ ವಿಶಿಷ್ಟಾರ್ಥ ಪಡೆಯಿತು. ಇಂದಿನ ಒಪ್ಪಿಗೆಯ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. 1235ರ ಮರ್ಟನ್ ಶಾಸನವು, ಹಕ್ಕುಳ್ಳ ಒಕ್ಕಲಿಗೆ ಸಾಕಷ್ಟು ಮೇವಿನ ನೆಲ ಉಳಿಯುವುದಾದರೆ, ಉಳಿದ ಬೀಳುನೆಲವನ್ನು ಒಡೆಯನು ತನ್ನ ಉಪಯೋಗಕ್ಕೆ ಸೇರಿಸಿಕೊಳ್ಳಬಹುದೆಂದು ವಿಧಿಸಿತು. ಕಾನೂನಿನ ಪರಿಭಾಷೆಯಲ್ಲಿ ಈ ಸೇರಿಸಿಕೊಳ್ಳುವಿಕೆಯೇ 'ಅಪ್ರೂವ್‌ಮೆಂಟ್'. ಅಂದಿನಿಂದ ಲಾಭವನ್ನು ಸೂಚಿಸುವ ಈ ಪದಕ್ಕೆ ಜೋಡಿಯಾಗಿ ಇನ್ನೊಂದು ಪದ ನಡೆದುಬಂದಿತು. ಅದು 'ವೇಸ್ಟ್', ಅರ್ಥಾತ್ ಬೀಳು. ಒಂದು ನೆಲವನ್ನು ಬೀಳೆಂದು ಹೆಸರಿಸದ ಹೊರತು ಅದನ್ನು ಲಾಭಕ್ಕೆ ತಿರುಗಿಸುವ ಮಾತು ಹುಟ್ಟುವುದಿಲ್ಲ. ಹಳ್ಳಿಯವರ ಪಾಲಿಗಾದರೋ ಅದು ದನ ಮೇಯುವ, ಸೌದೆ ಆಯುವ, ಬಾತು ಸಾಕುವ ನೆಲವಾಗಿದ್ದಿತು.

ಹದಿನೇಳನೆಯ ಶತಮಾನದಲ್ಲಿ ಈ ಪದಕ್ಕೆ ಗೌರವ ಬಂದಿತು. ವಾಲ್ಟರ್ ಬ್ಲಿತ್ 1649ರಲ್ಲಿ ತನ್ನ ಕೃಷಿಗ್ರಂಥವನ್ನು 'ಇಂಗ್ಲಿಷ್ ಇಂಪ್ರೂವರ್' ಎಂದೇ ಕರೆದನು. 1689ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜಾನ್ ಲಾಕ್, ಭೂಮಿಯನ್ನು ಉತ್ತು ಸುಧಾರಿಸಿದವನಿಗೇ ಅದರ ಒಡೆತನವೆಂಬ ವಾದಕ್ಕೆ ತಾತ್ವಿಕ ಬಲ ನೀಡಿದನು. ಮುಂದೆ ಪದವು ಹೊಲದಿಂದ ಮನಸ್ಸಿಗೆ ಏರಿತು. ಐಸಾಕ್ ವಾಟ್ಸ್ 1741ರಲ್ಲಿ ಮನಸ್ಸಿನ 'ಇಂಪ್ರೂವ್‌ಮೆಂಟ್' ಕುರಿತು ಪುಸ್ತಕ ಬರೆಯುವ ವೇಳೆಗೆ ಇಂದಿನ ಅರ್ಥ ಸಿದ್ಧವಾಗಿದ್ದಿತು. ರೇಮಂಡ್ ವಿಲಿಯಮ್ಸ್ ತನ್ನ 'ಕೀವರ್ಡ್ಸ್' ಕೃತಿಯಲ್ಲಿ (1976) ಈ ಪದಕ್ಕೆ ಪ್ರತ್ಯೇಕ ನಮೂದು ಕೊಟ್ಟಿರುವುದು ಲಾಭ ಮತ್ತು ಗುಣಗಳ ಈ ಬೆಸುಗೆಯ ಕಾರಣದಿಂದ. ಬೆಸುಗೆಯಾದ ಮೇಲೆ ಬೇಲಿ ಹಾಕುವವನು ಲಾಭಕೋರನಾಗಿ ಉಳಿಯಲಿಲ್ಲ, ಸುಧಾರಕನಾದನು.

ಅದರ ಬೆಲೆ ತೆತ್ತವರು ಯಾರು? 1604ರಿಂದ 1914ರವರೆಗೆ ಇಂಗ್ಲೆಂಡಿನಲ್ಲಿ 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳು ಅಂಗೀಕಾರವಾಗಿ, ಸುಮಾರು 68 ಲಕ್ಷ ಎಕರೆ ನೆಲ, ಅಂದರೆ ದೇಶದ ಐದನೆಯ ಒಂದು ಭಾಗಕ್ಕೂ ಮಿಗಿಲು, ಅವುಗಳ ವ್ಯಾಪ್ತಿಗೆ ಬಂದಿತು. ಬೇಲಿಯ ಪ್ರಬಲ ಪ್ರತಿಪಾದಕನಾಗಿದ್ದ ಆರ್ಥರ್ ಯಂಗ್ ಸಹ, ಬಡವರ ದುಃಸ್ಥಿತಿಯನ್ನು ಕಂಡು, ಬೀಳುನೆಲವನ್ನು ಅವರ ಜೀವನಾಧಾರಕ್ಕೆ ಬಿಡಬೇಕೆಂದು 1801ರಲ್ಲಿ ಬರೆಯಬೇಕಾಯಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇನ್ನೂ ಮುಖ್ಯವಾದ ಸಾಕ್ಷಿ ನಾರ್ಥಾಂಪ್ಟನ್‌ಷೈರ್ ಸೀಮೆಯ ಕವಿ ಜಾನ್ ಕ್ಲೇರ್ (1793–1864). ಅವನ ತಂದೆ ಕಣದಲ್ಲಿ ಕಾಳು ಬಡಿಯುವ ಕೂಲಿ, ಲಾವಣಿಗಳ ಹಾಡುಗಾರ. ಕ್ಲೇರ್ ಸ್ವತಃ ಜನಪದ ಹಾಡುಗಳನ್ನೂ ಪಿಟೀಲಿನ ಮಟ್ಟುಗಳನ್ನೂ ಬರೆದಿಟ್ಟುಕೊಂಡವನು. 1809ರ ಕಾಯಿದೆಯಿಂದ ಅವನ ಹುಟ್ಟೂರು ಹೆಲ್ಪ್‌ಸ್ಟನ್ನಿನ ಬಯಲಿಗೆ ಬೇಲಿ ಬಿದ್ದಿತು. ಹೊಟ್ಟೆಪಾಡಿಗಾಗಿ ಬೇಲಿಗಿಡ ನೆಡುವ ಕೂಲಿಯನ್ನು ಅವನೂ ಮಾಡಿದನು. ಬಯಲಿನೊಡನೆ ಹೋದುದು ಮೇವು, ಸೌದೆಗಳಷ್ಟೇ ಅಲ್ಲ. ಕಾಲುದಾರಿಗಳು ಮುಚ್ಚಿದವು, ಆಟದ ತಾಣಗಳು ಇಲ್ಲವಾದವು. ಅವನ ಕವಿತೆಗಳಲ್ಲಿ ಈ ನಷ್ಟ ಗಿಡ, ಹಕ್ಕಿ, ಹಾದಿಗಳ ಹೆಸರುಸಹಿತ ದಾಖಲಾಗಿದೆ. ಬಯಲಿನ ಬಾತು ಕದ್ದವನಿಗೆ ಶಿಕ್ಷೆ, ಬಯಲನ್ನೇ ಕದ್ದವನಿಗೆ ಏನೂ ಇಲ್ಲ ಎಂಬ ಆಶಯದ ಅನಾಮಧೇಯ ಪದ್ಯವೊಂದು ಇಂಗ್ಲಿಷಿನಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಈ ಪದ ಭಾರತಕ್ಕೆ ಬಂದುದು ಆಡಳಿತದ ಮೂಲಕ. ಜಮೀನ್ದಾರನಿಗೆ ಒಡೆತನ ಸ್ಥಿರವಾದರೆ ಅವನು ಇಂಗ್ಲೆಂಡಿನ ಭೂಮಾಲೀಕನಂತೆ ನೆಲವನ್ನು ಸುಧಾರಿಸುವನೆಂಬ ನಿರೀಕ್ಷೆ 1793ರ ಬಂಗಾಳದ ಕಾಯಂ ಗುತ್ತಿಯ ಹಿಂದಿದ್ದಿತು. ರಣಜಿತ್ ಗುಹಾ ಅವರು 1963ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬೌದ್ಧಿಕ ಬೇರುಗಳನ್ನು ಶೋಧಿಸಿದೆ. 1883ರ ಭೂಸುಧಾರಣಾ ಸಾಲಗಳ ಕಾಯಿದೆ ಇದೇ ಪದವನ್ನು ಬಾವಿ, ಒಡ್ಡುಗಳಿಗೆ ಹೊಂದಿಸಿತು. ರೈತರ ಬಾಯಲ್ಲಿ ಅದು ತಗಾವಿ ಸಾಲ. ಪ್ಲೇಗಿನ ಹಾವಳಿಯ ತರುವಾಯ ಮುಂಬಯಿಯಲ್ಲಿ 1898ರಲ್ಲಿ, ಮೈಸೂರಿನಲ್ಲಿ 1903ರ ಕಾಯಿದೆಯ ಮೇರೆಗೆ, ಬೆಂಗಳೂರಿನಲ್ಲಿ 1945ರಲ್ಲಿ 'ಇಂಪ್ರೂವ್‌ಮೆಂಟ್ ಟ್ರಸ್ಟ್'ಗಳು ಹುಟ್ಟಿದವು. ಬೆಂಗಳೂರಿನದು 1976ರಲ್ಲಿ 'ಅಭಿವೃದ್ಧಿ ಪ್ರಾಧಿಕಾರ'ವಾಯಿತು. ಹೆಸರು ಬದಲಾದರೂ ಭೂಸ್ವಾಧೀನ, ನಿವೇಶನ ಹಂಚಿಕೆಗಳೇ ಕಾರ್ಯಗಳಾಗಿ ಮುಂದುವರಿದುದರಿಂದ, ಪದದ ಹಳೆಯ ಭೂಸಂಬಂಧ ಇಲ್ಲಿ ಹಾಗೆಯೇ ಉಳಿದಿದೆ ಎನ್ನಬಹುದು.

ಕನ್ನಡದ ಒಕ್ಕಲು ಬದುಕಿನಲ್ಲಿ ಈ ಅರ್ಥಕ್ಕೆ ಬೇರೆಯೇ ಪದಗಳಿವೆ. ಹೊಲವನ್ನು ಹದ ಮಾಡುತ್ತಾರೆ, ಹಸನು ಮಾಡುತ್ತಾರೆ. ಹದವೆಂಬುದು ಮಣ್ಣು, ತೇವ, ಕಾಲಗಳು ಕೂಡಿಬರುವ ಸ್ಥಿತಿಯೇ ಹೊರತು ಒಡೆತನದ ಮಾತಲ್ಲ. ಹಾಗೆಂದು ಲಾಭ ಇಲ್ಲಿ ಅಪರಿಚಿತವೆನ್ನಲಾಗದು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದೇ ಎಣಿಸುವ ರೂಢಿಯಿದೆ. ಆದರೆ ಆಯಗಾರರಿಗೆ ಸಲ್ಲಬೇಕಾದ ಪಾಲು ಹೊರಡುತ್ತಿದ್ದುದೂ ಅದೇ ಕಣದಿಂದ. ಅಂತೆಯೇ ಗೋಮಾಳ, ಹುಲ್ಲುಗಾವಲು, ಸೊಪ್ಪಿನ ಬೆಟ್ಟ ಎಂಬ ಹೆಸರುಗಳು ನೆಲವನ್ನು ಅದರ ಬಳಕೆಯಿಂದ ಗುರುತಿಸುತ್ತವೆ. ಸರಕಾರಿ ಕಡತದ 'ಬಂಜರು', 'ಖರಾಬು' ಎಂಬವು ಇಲ್ಲದುದರಿಂದ ಗುರುತಿಸುತ್ತವೆ.

ಈ ಎರಡು ಬಗೆಯ ಹೆಸರುಗಳ ಘರ್ಷಣೆ ಕರ್ನಾಟಕದಲ್ಲಿ 1980ರ ದಶಕದಲ್ಲಿ ಬಹಿರಂಗವಾಯಿತು. 1984ರಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪೆನಿಗೆ, ನೀಲಗಿರಿ ಬೆಳೆಸುವುದಕ್ಕಾಗಿ, ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ವರ್ಗದ ಸರಕಾರಿ ನೆಲವನ್ನು ಕೊಡುವ ಯೋಜನೆ ಸಿದ್ಧವಾಯಿತು. ಕಡತದಲ್ಲಿ ಅದು ಬಂಜರು, ಸುತ್ತಲಿನ ಹಳ್ಳಿಗಳಿಗೆ ಮೇವು ಮತ್ತು ಸೌದೆಯ ನೆಲ. ಸಮಾಜ ಪರಿವರ್ತನ ಸಮುದಾಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1987ರ ನವೆಂಬರ್ 14ರಂದು, ಅಂದು ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ, ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ಅಲ್ಲಿಯೇ ನೆಟ್ಟರು. ಕಂಪೆನಿಯನ್ನು ಮುಚ್ಚುವ ನಿರ್ಧಾರ 1991ರಲ್ಲಿ ಹೊರಬಿದ್ದಿತು. ಆ ಸತ್ಯಾಗ್ರಹಕ್ಕೆ ದೊರೆತ ಹೆಸರಿನಲ್ಲಿ ಸುಧಾರಣೆ, ಅಭಿವೃದ್ಧಿ ಎಂಬ ಪದಗಳಾವುವೂ ಇರಲಿಲ್ಲ. ಅದು 'ಕಿತ್ತಿಕೊ-ಹಚ್ಚಿಕೊ' ಎಂಬ, ಉತ್ತರ ಕರ್ನಾಟಕದ ಹೊಲಗಳ ಆಡುನುಡಿಯಾಗಿದ್ದಿತು.